ಬಾವಿ ಕಾಯುವವಳ ದನಿ

ಅತ್ತೆಯ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಇರಲಿಲ್ಲ. ಕೆಟ್ಟ ಬಾಯಿ ಎಂದಲ್ಲ, ಜೋರು ಬಾಯಿ, ಅಷ್ಟೆ. ಊರಿನ ದೊಡ್ಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ತಡ, ಯಾರ ಮಗು ಕಳೆದು ಸಿಕ್ಕಿದೆ ಎಂದು ಹೇಳುತ್ತಲೇ ನೌಕರಿ ಮುಗಿಸಿದವರು. ನಿವೃತ್ತಿಯಾದ ಮೇಲೆ ಮೈಕು ಹೋಯಿತು, ಅಭ್ಯಾಸ ಹೋಗಲಿಲ್ಲ. ಅಡುಗೆಮನೆಯಲ್ಲಿ ನಿಂತು ಚಹಾ ಆಗಿದೆ ಎಂದರೆ ಮಹಡಿಯ ಬಾಡಿಗೆಯವರೂ ಇಳಿದು ಬರಬೇಕು, ಅಂಥ ದನಿ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಅತ್ತೆ ಮಾತನ್ನೂ ಬಲ್ಲರು, ಜಗಳವನ್ನೂ ಬಲ್ಲರು, ಎರಡಕ್ಕೂ ಅವರ ಹತ್ತಿರ ಬೇಕಾದಷ್ಟು ಸಮಯವಿತ್ತು.

ಸೊಸೆ ಕೆಲಸ ಮಾಡುತ್ತಿದ್ದುದು ವಿಡಿಯೋ ಗೇಮ್ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ. ಅವಳ ಗುಂಪು ಆಗ ಕಟ್ಟುತ್ತಿದ್ದ ಆಟದಲ್ಲಿ ಒಬ್ಬ ದಾರಿಹೋಕ, ಒಂದು ಬತ್ತಿದ ಊರು, ಆ ಊರಿಗೆಲ್ಲ ಒಂದೇ ಬಾವಿ, ಬಾವಿ ಕಾಯಲು ಒಬ್ಬ ಮುದುಕಿ. ನೀರಿಗೆ ಬಂದವರನ್ನೆಲ್ಲ ಆ ಮುದುಕಿ ಬೈಯಬೇಕು. ಬೈದರೂ ಜನ ಮತ್ತೆ ಬರಬೇಕು ಅನ್ನಿಸುವ ಹಾಗೆ ಬೈಯಬೇಕು. ದನಿ ಕೊಡಲು ಯಾರು ಯಾರೋ ಬಂದರು, ಎಲ್ಲರೂ ನಟಿಸಿದರು. ಒಬ್ಬರಿಗೂ ಬೈಯಲು ಬರಲಿಲ್ಲ. ಕೊನೆಗೆ ಸೊಸೆ ಮೀಟಿಂಗಿನಲ್ಲಿ, ನಮ್ಮ ಮನೇಲಿ ಒಬ್ಬರಿದ್ದಾರೆ, ಅವರಿಗೆ ಅಭ್ಯಾಸ ಬೇಕಾಗಿಲ್ಲ ಎಂದಳು.

ಅತ್ತೆ ದನಿ ಕೊಡುವ ಮೊದಲು ಒಂದು ಷರತ್ತು ಹಾಕಿದರು. ರೆಕಾರ್ಡಿಂಗ್ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಗಾಜಿನ ಆಚೆ ನಿಂತ ಸೊಸೆಯನ್ನು ನೋಡಿ ಹೇಳಿದರು: "ನನ್ನ ಮಾತನ್ನ ಅರ್ಧಕ್ಕೆ ಕತ್ತರಿಸಬಾರ್ದು. ನೌಕರಿ ಪೂರ್ತಿ ನಾನು ಹೇಳಿ ಮುಗಿಸೋಷ್ಟರಲ್ಲಿ ಜನ ಓಡಿಬಿಡ್ತಿದ್ರು. ನಿನ್ನ ಆಟದಲ್ಲಾದ್ರೂ ನಿಂತು ಕೇಳ್ಲಿ."

ಸೊಸೆ ನಗುತ್ತ ಆಗಲಿ ಎಂದಳು. ಅತ್ತೆ ಒಂದೇ ಉಸಿರಿಗೆ ಎಲ್ಲ ಸಾಲುಗಳನ್ನೂ ಹೇಳಿ ಮುಗಿಸಿದರು. ಬರೆದುಕೊಟ್ಟದ್ದು ಅರ್ಧ, ಅವರೇ ಸೇರಿಸಿದ್ದು ಅರ್ಧ.

ಗೇಮಿನ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಆಡುವವರಿಗೆ ಗೊತ್ತಿರುವುದಿಲ್ಲ, ಗೊತ್ತಾಗಲೂಬಾರದು. ಒಂದೇ ಪ್ರೋಗ್ರಾಮಿನೊಳಗೆ ಹಲವು ಆಳುಗಳು ಒಟ್ಟೊಟ್ಟಿಗೆ ದುಡಿಯುತ್ತಿರುತ್ತಾರೆ. ಒಬ್ಬೊಬ್ಬ ಆಳಿಗೂ ಥ್ರೆಡ್ ಎಂದು ಹೆಸರು. ಒಂದು ಥ್ರೆಡ್ಡಿಗೆ ಚಿತ್ರ ಬರೆಯುವುದೇ ಕೆಲಸ. ಇನ್ನೊಂದು ಆ ಲೋಕದ ಯಜಮಾನ: ಯಾರು ಎಲ್ಲಿ ನಿಂತಿದ್ದಾರೆ, ಗೇಟು ತೆರೆದಿದೆಯೇ, ಕೊಡ ತುಂಬಿತೇ, ಎಲ್ಲವೂ ಅದರ ಸುಪರ್ದಿಯಲ್ಲಿ. ಮೂರನೆಯದು ಸದ್ದಿನದು. ಮೂರೂ ಒಂದೇ ಸಾಮಾನಿಗೆ ಕೈ ಹಾಕಿದರೆ ಒಂದೇ ಒಲೆಯ ಮುಂದೆ ಮೂವರು ಅಡುಗೆಯವರು ನಿಂತ ಹಾಗೆ. ಒಬ್ಬ ಉಪ್ಪು ಹಾಕುವಷ್ಟರಲ್ಲಿ ಇನ್ನೊಬ್ಬ ಪಾತ್ರೆ ಇಳಿಸಿರುತ್ತಾನೆ. ಅದಕ್ಕೆ ಸೊಸೆ ಒಂದು ಕಾನೂನು ಮಾಡಿದ್ದಳು. ಯಾರೂ ಇನ್ನೊಬ್ಬರ ಸಾಮಾನು ಮುಟ್ಟಕೂಡದು. ಏನಾದರೂ ಬೇಕಿದ್ದರೆ ಒಂದು ಸಂದೇಶವನ್ನು ಅವರ ಪೆಟ್ಟಿಗೆಗೆ ಹಾಕಬೇಕು, ಹಾಕಿ ತನ್ನ ಕೆಲಸಕ್ಕೆ ಹೋಗಬೇಕು. ಉತ್ತರ ಬಂದಾಗ ಬರುತ್ತದೆ, ಅಲ್ಲಿಯವರೆಗೆ ಬಾಗಿಲಲ್ಲಿ ಕಾಯುತ್ತ ನಿಲ್ಲುವಂತಿಲ್ಲ. ಹೊಸಬರು ಯಾರೇ ಸೇರಿದರೂ ಅವಳು ಮೊದಲ ದಿನವೇ ಕೂರಿಸಿಕೊಂಡು ಇದನ್ನು ಹೇಳಿಕೊಡುತ್ತಿದ್ದಳು. ಹಾಕು, ನಡಿ. ಹಾಕು, ನಡಿ. ಕೇಳಿ ಕೇಳಿ ಸಾಕಾದವರು ಅವಳಿಗೆ ಟಪಾಲಮ್ಮ ಎಂದು ಹೆಸರಿಟ್ಟರು. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಅಭಿಮಾನವಿತ್ತು.

ಅಂಥ ಟಪಾಲಮ್ಮನೇ ಅತ್ತೆಗೋಸ್ಕರ ಕಾನೂನು ಮುರಿದಳು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಹೀಗೆ: ಆಟವನ್ನು ಆಡಿ ನೋಡುವವರು ಮುದುಕಿ ಬೈಯಲು ಶುರುಮಾಡುತ್ತಲೇ ಬೆನ್ನು ತಿರುಗಿಸಿ ಹೊರಟುಬಿಡುತ್ತಿದ್ದರು. "ಕೈ ತೊಳ್ಕೊಂಡು ಬಂ" ಎನ್ನುವಷ್ಟರಲ್ಲಿ ದನಿ ಕಟ್. ಸೊಸೆಗೆ ಗಾಜಿನ ಆಚೆಯ ಮುಖ ಕಣ್ಣಿಗೆ ಕಟ್ಟಿತು. ದಾರಿಹೋಕ ತಿರುಗಿದ ಕೂಡಲೇ ಲೋಕದ ಥ್ರೆಡ್ಡು ಸದ್ದಿನ ಥ್ರೆಡ್ಡನ್ನು 'ಮುದುಕಿಯ ಮಾತು ಮುಗಿಯಿತೇ' ಎಂದು ಕೇಳಬೇಕು, ಮುಗಿದಿಲ್ಲವೆಂದರೆ ಬಾವಿಕಟ್ಟೆಯ ಗೇಟು ತೆರೆಯಬಾರದು ಎಂದು ಅವಳು ಬರೆದಳು. ಕಾನೂನಿನ ಪ್ರಕಾರ ಕೇಳಿ, ಬೇರೆ ಕೆಲಸ ನೋಡಿಕೊಳ್ಳುತ್ತ, ಉತ್ತರ ಪೆಟ್ಟಿಗೆಗೆ ಬಿದ್ದಾಗ ನೋಡಬೇಕಿತ್ತು. ಅದು ಎರಡು ದಿನದ ಕೆಲಸ. ಕೇಳಿ ಅಲ್ಲೇ ನಿಂತುಬಿಡುವುದು ಒಂದೇ ಸಾಲು. ರೆಪ್ಪೆ ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಳು. ಯಾರಿಗೂ ಗೊತ್ತಾಗಲೂ ಇಲ್ಲ. ಜನ ನಿಂತು ಕೇಳಿದರು, ಕೇಳಿ ನಕ್ಕರು.

ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ, ಅತ್ತೆ ಪಕ್ಕದ ಮನೆಯವಳಿಗೆ ಬಟ್ಟೆ ಒಣಹಾಕುವ ತಂತಿಯ ವಿಚಾರವಾಗಿ ಬುದ್ಧಿ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ನಡುವೆ ನಿಂತರು. ಮೊದಲ ಸಲ ತಾನು ಗೆದ್ದೆ ಎಂದು ಪಕ್ಕದ ಮನೆಯವಳು ಅಂದುಕೊಂಡಳಂತೆ. ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಎಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ.

ಪಾರ್ಶ್ವವಾಯು. ಬಲಗೈ, ಬಲಗಾಲು ಸೋತವು. ಕಾಲು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಬಂತು. ಮಾತು ಬರಲಿಲ್ಲ. ಬುದ್ಧಿಗೆ ಏನೂ ಆಗಿಲ್ಲ, ಎಲ್ಲ ಅರ್ಥವಾಗುತ್ತದೆ, ಏನು ಹೇಳಬೇಕೆಂದೂ ಗೊತ್ತು, ಪದ ಮಾತ್ರ ಸಿಕ್ಕುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಆ ಮಹಾ ಭಂಡಾರದಲ್ಲಿ ಉಳಿದದ್ದು ಒಂದೇ ಒಂದು ಮಾತು, 'ಹಾಗಲ್ಲ'. ಚಹಾ ಬೇಕೇ ಎಂದರೆ ಹಾಗಲ್ಲ. ಫ್ಯಾನು ಹಾಕಲೇ ಎಂದರೆ ಹಾಗಲ್ಲ. ಮಗ ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡರೆ ಅವನ ತಲೆ ಸವರುತ್ತ, ಹಾಗಲ್ಲ, ಹಾಗಲ್ಲ.

ವಾರಕ್ಕೆ ಎರಡು ಸಲ ಮನೆಗೆ ಒಬ್ಬ ಥೆರಪಿಸ್ಟ್ ಬರತೊಡಗಿದರು. ಮನೆಯವರು ಅವರನ್ನು ಮಾತಿನ ಡಾಕ್ಟರು ಎಂದೇ ಕರೆದರು. ಮೃದುವಾದ ಹೆಂಗಸು, ಆದರೆ ಒಂದು ವಿಷಯದಲ್ಲಿ ಕಲ್ಲು. ಅತ್ತೆ ಪದಕ್ಕೆ ತಡಕಾಡುವಾಗ ಯಾರೂ ಬಾಯಿ ಹಾಕಬಾರದು. ಕೇಳಬೇಕು, ಕಾಯಬೇಕು. ಮೊದಲ ಕೆಲವು ತಿಂಗಳೇ ಮುಖ್ಯ, ಈಗ ಹುಡುಕಿದ್ದು ಸಿಗುತ್ತದೆ, ಬಿಟ್ಟರೆ ದಾರಿ ಮುಚ್ಚಿಹೋಗುತ್ತದೆ ಎನ್ನುತ್ತಿದ್ದರು. ಅತ್ತೆ ಬೆವರು ಸುರಿಸಿ ಹುಡುಕಿದರು. ಹಣೆಯ ನರ ಉಬ್ಬುತ್ತಿತ್ತು, ಎಡಗೈ ಹಾಸಿಗೆಯ ಬಟ್ಟೆಯನ್ನು ಹಿಂಡುತ್ತಿತ್ತು. ಒಂದು ಮಧ್ಯಾಹ್ನ 'ನೀ' ಬಂತು. ಎಷ್ಟೋ ಹೊತ್ತಿನ ಮೇಲೆ 'ರು' ಬಂತು. ಆ ದಿನ ಬಾಯಾರಿಕೆ ಇದ್ದೋ ಇಲ್ಲದೆಯೋ ಅತ್ತೆ ನೀರು ಕೇಳಿಯೇ ಕೇಳಿದರು. ಮಗ ಕುಣಿಯುತ್ತ ಲೋಟದ ಮೇಲೆ ಲೋಟ ತಂದ. ಆಮೇಲೆ ಇನ್ನೂ ಒಂದೆರಡು ಸೇರಿದವು. 'ಬಾ' ಬಂತು, 'ಸಾಕು' ಬಂತು.

ಇದೇ ದಿನಗಳಲ್ಲಿ ಆಫೀಸಿನಲ್ಲಿ ಆಟ ಕಲ್ಲಾಗತೊಡಗಿತು.

ಯಾವಾಗಲೂ ಅಲ್ಲ. ನೂರು ಜನ ಆಡಿದರೆ ಯಾರೋ ಒಬ್ಬಿಬ್ಬರಿಗೆ, ಅದೂ ಬಾವಿಯ ಹತ್ತಿರ ಮಾತ್ರ. ನೀರು ಫಳಫಳ ಹೊಳೆಯುತ್ತಿರುತ್ತದೆ, ಮರದ ಎಲೆ ಅಲುಗುತ್ತಿರುತ್ತದೆ, ಏಕೆಂದರೆ ಚಿತ್ರದ ಥ್ರೆಡ್ಡಿಗೆ ಏನೂ ಆಗಿಲ್ಲ. ಆದರೆ ದಾರಿಹೋಕ ಒಂದು ಕಾಲು ಎತ್ತಿ ನಿಂತವನು ನಿಂತೇ ಇದ್ದಾನೆ. ಮುದುಕಿಯ ಬಾಯಿ ತೆರೆದೇ ಇದೆ, ಸದ್ದಿಲ್ಲ. ಯಾವ ಗುಂಡಿ ಒತ್ತಿದರೂ ಅಷ್ಟೆ, ಪ್ಲಗ್ ಕಿತ್ತು ಮತ್ತೆ ಹಾಕಬೇಕು. ಸೊಸೆ ಅದನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಮನೆಯಲ್ಲಿ ದಿನಾ ನೋಡುತ್ತಿದ್ದುದನ್ನು ಇಲ್ಲಿಯೂ ನೋಡಬೇಕಾಯಿತಲ್ಲ ಎನ್ನಿಸಿತು.

ಹುಡುಕಲು ಕೂತರೆ ಅದು ಸಿಗುವ ಜಾತಿಯದಲ್ಲ. ಯಾವ ಥ್ರೆಡ್ಡು ಎಲ್ಲಿ ನಿಂತಿತು ಎಂದು ತಿಳಿಯಲು ಅವಳು ಅಲ್ಲಲ್ಲಿ 'ಇಲ್ಲಿಗೆ ಬಂದೆ', 'ಇಲ್ಲಿಂದ ಹೊರಟೆ' ಎಂದು ಬರೆಯುವ ಸಾಲುಗಳನ್ನು ಸೇರಿಸಿದಳು. ಸೇರಿಸಿದ ಕೂಡಲೇ ಕಾಟ ಮಾಯ. ಬರೆಯಲು ಹಿಡಿಯುವ ಆ ಚೂರು ಹೊತ್ತಿನಿಂದ ಮೂರೂ ಥ್ರೆಡ್ಡುಗಳ ನಡಿಗೆ ಬದಲಾಗಿ, ಎದುರುಬದುರಾಗಬೇಕಾದವು ತಪ್ಪಿಸಿಕೊಂಡು ಹೋಗುತ್ತಿದ್ದವು. ಸಾಲು ತೆಗೆದರೆ ಕಾಟ ಮತ್ತೆ ಹಾಜರು. ನೋಡುವ ಕಣ್ಣಿದ್ದರೆ ಕಳ್ಳ ಬರುವುದಿಲ್ಲ, ಕಣ್ಣು ಮುಚ್ಚಿದರೆ ಬರುತ್ತಾನೆ. ಸೇರಿಸುವುದು, ತೆಗೆಯುವುದು, ಸೇರಿಸುವುದು, ತೆಗೆಯುವುದು. ವಾರಗಟ್ಟಲೆ ಹೀಗೆ ಮಾಡಿ ಅವಳಿಗೆ ತನ್ನ ಕೈಯ ಮೇಲೆಯೇ ನಂಬಿಕೆ ಹೋಯಿತು.

ಗುಂಪಿನ ಮುಖ್ಯಸ್ಥನಿಗೆ ಗಡುವಣ್ಣ ಎಂದು ಹೆಸರು ಬಿದ್ದಿತ್ತು, ನಮಸ್ಕಾರ ಎಂದರೂ ಗಡುವು ಯಾವಾಗ ಎಂದು ಕೇಳುವ ಮನುಷ್ಯ. ಕೆಟ್ಟವನಲ್ಲ. ಅವನ ಮೇಲೂ ಯಾರೋ ಕೂತು ಗಡುವು ಕೇಳುತ್ತಿದ್ದರು. ಅವನು ಅವಳನ್ನು ಕರೆದು ಕೂರಿಸಿ, ಕಾಟ ಇರುವುದು ಮುದುಕಿ ಮಾತಾಡುವಾಗ ಮಾತ್ರ, ಆದ್ದರಿಂದ ಮುದುಕಿ ಮಾತಾಡುವುದು ಬೇಡ, ಅವಳ ಮಾತನ್ನು ಪರದೆಯ ಕೆಳಗೆ ಅಕ್ಷರದಲ್ಲಿ ತೋರಿಸಿದರಾಯಿತು ಎಂದ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಉಪಾಯ. ಹಾಗಾದರೆ ಬೇರೆಯವರಿಂದ ಹೊಸದಾಗಿ, ತುಂಡು ತುಂಡಾಗಿ ಹೇಳಿಸೋಣ ಎಂದೂ ಸೇರಿಸಿದ. ಅವಳ ಅತ್ತೆಯಿಂದಲೇ ಇನ್ನೊಮ್ಮೆ ಹೇಳಿಸಬಹುದಲ್ಲ ಎನ್ನಲು ಬಾಯಿ ತೆರೆದವನು, ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಸೊಸೆ ಒಪ್ಪಲಿಲ್ಲ. ಮನೆಯಲ್ಲಿ ಫೋಟೋಗಳು ಬೇಕಾದಷ್ಟಿದ್ದವು, ದನಿ ಎಲ್ಲಿಯೂ ಇರಲಿಲ್ಲ. ಬಸ್ ನಿಲ್ದಾಣದ ಮೈಕು ಹೇಳಿದ್ದನ್ನು ಗಾಳಿಗೆ ಬಿಟ್ಟಿತ್ತು. ಇಷ್ಟು ವರ್ಷ ಆ ದನಿಗೆ ಕಿವಿ ಮುಚ್ಚಿಕೊಂಡು ಓಡಾಡಿದ ಮನೆಯವರಿಗೆ ಅದನ್ನು ಹಿಡಿದಿಡಬೇಕೆಂದು ಹೊಳೆದಿರಲೇ ಇಲ್ಲ. ಇದ್ದದ್ದು ಆಟದಲ್ಲಿ ಮಾತ್ರ. ಕಂಪನಿಯ ಕಡತದಲ್ಲಿ ಬಿದ್ದಿದ್ದರೆ ಯಾರೂ ಕೇಳುವುದಿಲ್ಲ, ಆಟದಿಂದಲೂ ಹೋದರೆ ಅತ್ತೆಯ ದನಿ ಪೂರ್ತಿ ಹೋದ ಹಾಗೆ. ಅಷ್ಟನ್ನು ಉಳಿಸಲೇಬೇಕು ಎಂದು ಅವಳು ಹಟ ಹಿಡಿದಳು. ಗಡುವಣ್ಣ ನಿಟ್ಟುಸಿರು ಬಿಟ್ಟು ಮುಂದಿನ ಪರಿಶೀಲನೆಯವರೆಗೆ ಸಮಯ ಕೊಟ್ಟ. ಅವನ ಹತ್ತಿರ ಕೊಡಲು ಇದ್ದದ್ದೂ ಅಷ್ಟೆ.

ಕೊನೆಗೆ ಸಿಕ್ಕಿದ್ದು ಜಾಣತನದಿಂದಲ್ಲ, ಊಟದ ವೇಳೆಯ ಹರಟೆಯಿಂದ. ಸದ್ದಿನ ಭಾಗ ಬರೆಯುವ ಸಹೋದ್ಯೋಗಿ ಡಬ್ಬಿ ತೆರೆಯುತ್ತ, ದೂರ ಹೋದರೆ ಮುದುಕಿಯ ದನಿ ಸಣ್ಣದಾಗುವುದು ಈಗ ಎಷ್ಟು ಚೆನ್ನಾಗಿ ಬರುತ್ತಿದೆ ನೋಡಿದಿರಾ ಎಂದ. ಅದನ್ನು ಹೇಗೆ ಮಾಡಿದೆ ಎಂದು ಅವಳು ಸುಮ್ಮನೆ ಕೇಳಿದಳು. ದಾರಿಹೋಕ ಎಷ್ಟು ದೂರದಲ್ಲಿದ್ದಾನೆ ಎಂದು ಸದ್ದಿನ ಥ್ರೆಡ್ಡು ಲೋಕದ ಥ್ರೆಡ್ಡನ್ನು ಕೇಳುತ್ತದೆ ಎಂದ.

"ಕೇಳಿ?"

"ಕೇಳಿ ಉತ್ತರ ಬರೋವರೆಗೆ ಅಲ್ಲೇ ನಿಲ್ಲುತ್ತೆ. ನಿಮ್ಮದನ್ನೇ ನೋಡಿ ಬರೆದೆ. ಟಪಾಲಮ್ಮನೇ ನಿಲ್ಲಿಸಿದಾರೆ ಅಂದ್ಮೇಲೆ ತಪ್ಪಿರಲ್ಲ ಅಂದ್ಕೊಂಡೆ."

ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಮುದುಕಿ ಮಾತಾಡುತ್ತಿರುವಾಗ ದಾರಿಹೋಕ ತಿರುಗುತ್ತಾನೆ. ಲೋಕದ ಥ್ರೆಡ್ಡು 'ಮಾತು ಮುಗಿಯಿತೇ' ಎಂದು ಕೇಳಿ ನಿಲ್ಲುತ್ತದೆ. ಅದೇ ಕ್ಷಣಕ್ಕೆ ಸದ್ದಿನ ಥ್ರೆಡ್ಡು 'ಅವನೆಲ್ಲಿದ್ದಾನೆ' ಎಂದು ಕೇಳಿ ನಿಲ್ಲುತ್ತದೆ. ನೀವು ಮೊದಲು ಹೇಳಿ, ಇಲ್ಲ ನೀವು ಮೊದಲು ಹೇಳಿ ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಹೊಸಿಲಲ್ಲಿ ನಿಂತುಬಿಟ್ಟಿದ್ದಾರೆ. ಇಬ್ಬರಲ್ಲಿ ಯಾರದೂ ತಪ್ಪಲ್ಲ, ನಿಲ್ಲುವುದನ್ನು ಕಲಿಸಿದವಳದು ತಪ್ಪು. ಅವಳು ಊಟ ಬಿಟ್ಟು ಎದ್ದಳು.

ಎರಡೂ ಕಡೆ ನಿಲ್ಲುವ ಸಾಲನ್ನು ಕಿತ್ತು, ಮೊದಲೇ ಮಾಡಬೇಕಿದ್ದುದನ್ನು ಈಗ ಮಾಡಿದಳು. ಮುದುಕಿಯ ಮಾತು ಮುಗಿದಾಗ ಸದ್ದಿನ ಥ್ರೆಡ್ಡೇ 'ಮುಗಿಯಿತು' ಎಂದು ಸಂದೇಶ ಹಾಕುತ್ತದೆ. ಅದು ಪೆಟ್ಟಿಗೆಗೆ ಬೀಳುವವರೆಗೆ ಗೇಟು ತೆರೆಯುವುದಿಲ್ಲ, ಆದರೆ ಯಾರೂ ಕಾಯುತ್ತ ಕೂರುವುದಿಲ್ಲ, ಲೋಕ ನಡೆಯುತ್ತಲೇ ಇರುತ್ತದೆ. ಆಡಿಸಿದರು, ಆಡಿಸಿದರು, ಆಟ ಮತ್ತೆ ಕಲ್ಲಾಗಲಿಲ್ಲ. ಪರಿಶೀಲನೆಯ ದಿನ ಗಡುವಣ್ಣ ಬಾವಿಯ ಮುಂದೆ ನಿಂತು ಪೂರ್ತಿ ಬೈಸಿಕೊಂಡು, ಮುದುಕಿ ಇರಲಿ ಎಂದ. ಸೊಸೆ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಬಹಳ ದಿನಗಳ ಮೇಲೆ ಅವಳ ಕೈಯಿಂದ ಒಂದು ಒಳ್ಳೆಯದಾಗಿತ್ತು.

ಆಟ ಮಾರುಕಟ್ಟೆಗೆ ಬಂದ ವಾರ ಅವಳು ಒಂದು ಗೇಮ್ ಪೆಟ್ಟಿಗೆಯನ್ನು ಮನೆಗೆ ತಂದು ಟಿವಿಗೆ ಜೋಡಿಸಿದಳು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಗಂಡನ ಕೈಗೆ ಕಂಟ್ರೋಲರ್ ಕೊಟ್ಟಳು. ದಾರಿಹೋಕ ಬಾವಿಯ ಹತ್ತಿರ ಬಂದ. "ಕೈ ತೊಳ್ಕೊಂಡು ಬಂದ್ಯಾ? ಇಲ್ಲಾಂದ್ರೆ ಹಗ್ಗ ಮುಟ್ಟಬೇಡ," ಎಂದು ಮನೆಯೆಲ್ಲ ತುಂಬುವ ಹಾಗೆ ಆ ದನಿ ಎದ್ದಿತು. ಅಷ್ಟು ದೊಡ್ಡ ಗಂಡಸು ಕಂಟ್ರೋಲರ್ ಕೆಳಗಿಟ್ಟು ಮುಖ ಮುಚ್ಚಿಕೊಂಡ. ಅತ್ತೆ ಅಳಲಿಲ್ಲ. ಮುಂದಕ್ಕೆ ಬಾಗಿ, ಬೇರೆ ಯಾರೋ ಮೈಕಿನಲ್ಲಿ ಹೇಗೆ ಹೇಳುತ್ತಿದ್ದಾರೆ ಎಂದು ಪರೀಕ್ಷಿಸುವವರಂತೆ ಕೇಳಿದರು. ಆಮೇಲೆ ಎಡಗೈ ಚಾಚಿ ಕಂಟ್ರೋಲರ್ ಕೇಳಿದರು.

ಒಂದೇ ಕೈಯಲ್ಲಿ ಆಡಲು ಆಗುವಂತೆ ಸೊಸೆ ಗುಂಡಿಗಳನ್ನು ಹೊಂದಿಸಿಕೊಟ್ಟಳು. ಅತ್ತೆಗೆ ಊರು ಸುತ್ತುವುದರಲ್ಲಿ ಆಸಕ್ತಿ ಇರಲಿಲ್ಲ, ಬಾವಿ ಬಿಟ್ಟು ಕದಲಲಿಲ್ಲ. ಹಗ್ಗ ಮುಟ್ಟಿದರೆ ಯಾವ ಬೈಗುಳ, ಕೊಡ ಒಡೆದರೆ ಯಾವುದು, ಬಿದ್ದರೆ ಯಾವುದು, ತಡವಾಗಿ ಬಂದರೆ ಯಾವುದು ಎಂದು ಕೆಲವೇ ದಿನಗಳಲ್ಲಿ ಕಂಡುಕೊಂಡರು. ಆಮೇಲೆ ನಡೆದದ್ದನ್ನು ಮನೆಯವರು ಕನಸಿನಲ್ಲಿಯೂ ಎಣಿಸಿರಲಿಲ್ಲ. ಒಂದು ಸಂಜೆ ಸೊಸೆ ಕತ್ತಲಾದ ಮೇಲೆ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಟಿವಿಯಿಂದ ಮುದುಕಿ ಕೇಳಿದಳು: "ಈಗ ಬೆಳಗಾಯ್ತಾ ನಿನಗೆ?" ತಿರುಗಿ ನೋಡಿದರೆ ಅತ್ತೆ ಅವಳನ್ನೇ ನೋಡುತ್ತಿದ್ದರು, ಹೆಬ್ಬೆರಳು ಇನ್ನೂ ಗುಂಡಿಯ ಮೇಲಿತ್ತು. ಮುಖದ ಎಡಭಾಗ ನಗುತ್ತಿತ್ತು.

ಅಂದಿನಿಂದ ಮನೆಗೆ ಮತ್ತೆ ಮಾತು ಬಂತು. ಮಗ ಲೋಟ ಕೈಜಾರಿ ಬೀಳಿಸಿದರೆ, "ಒಡೆದ್ಯಾ? ಇನ್ನೊಂದಿದೆ, ಅದನ್ನೂ ಒಡಿ." ಪಕ್ಕದ ಮನೆಯವಳು ನೋಡಲು ಬಂದು ಕೂತೇ ಇದ್ದರೆ, "ತುಂಬಿತಲ್ಲ, ಇನ್ನೂ ಯಾಕೆ ನಿಂತಿದ್ದೀಯ?" ಪಕ್ಕದ ಮನೆಯವಳು ಬೈಸಿಕೊಂಡು ಸಂತೋಷದಿಂದ ಕಣ್ಣೊರೆಸಿಕೊಂಡಳು, ನಾಳೆ ಮತ್ತೆ ಬರುತ್ತೇನೆ ಎಂದಳು. ಬಾಯಾರಿದಾಗ ಅತ್ತೆ ದಾರಿಹೋಕನನ್ನು ಬಾವಿಯ ಪಕ್ಕ ನಿಲ್ಲಿಸಿ ಒಂದು ಗುಂಡಿ ಒತ್ತುತ್ತಿದ್ದರು: "ನೀರು ಬೇಕಾದೋರು ಬಾಯಿಬಿಟ್ಟು ಕೇಳಬೇಕಪ್ಪಾ." ಮಗ ನಗುತ್ತ ಓಡಿಹೋಗಿ ನೀರು ತರುತ್ತಿದ್ದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಸೊಸೆ ತನ್ನ ಕಾಲವನ್ನೇ ತಂದು ಅತ್ತೆಯ ಕೈಗೆ ಕೊಟ್ಟ ಹಾಗಿತ್ತು. ಆಫೀಸಿನಲ್ಲಿ ಅವಳು ಈ ಕತೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡಳು, ಗಡುವಣ್ಣನೂ ಗಡುವು ಮರೆತು ಕೇಳಿದ.

ಮಾತಿನ ಡಾಕ್ಟರು ಮಾತ್ರ ನಗಲಿಲ್ಲ. ಮೊದಲ ಸಲ ನೋಡಿದಾಗ ಚೆನ್ನಾಗಿದೆ ಎಂದರು. ಮುಂದಿನ ವಾರ ಸುಮ್ಮನೆ ನೋಡಿದರು. ಅದರ ಮುಂದಿನ ಸಲ ಪಾಠಕ್ಕೆ ಕೂತು, ಮೇಜಿನ ಮೇಲೆ ಒಂದು ಲೋಟ ನೀರಿಟ್ಟು, ಇದೇನು ಹೇಳಿ ಎಂದರು. ಅತ್ತೆ ಟಿವಿಯತ್ತ ಬೆರಳು ತೋರಿಸಿದರು. ಅದಲ್ಲ, ನೀವು ಹೇಳಿ ಎಂದರು. ಅತ್ತೆ ಬಾಯಿ ತೆರೆದು, ಸ್ವಲ್ಪ ಹೊತ್ತು ಹಾಗೇ ಇದ್ದು, ಹಾಗಲ್ಲ ಎಂದು ಮುಖ ತಿರುಗಿಸಿದರು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. 'ನೀರು' ಹೋಗಿತ್ತು. ಯಾವಾಗ ಹೋಯಿತು ಎಂದು ಅವಳಿಗೆ ನೆನಪಾಗಲಿಲ್ಲ. 'ಬಾ' ಎಂಬುದನ್ನು ಕೇಳಿ ಎಷ್ಟು ದಿನವಾಯಿತು ಎಂದು ಯೋಚಿಸಿದಳು, ಅದೂ ತಿಳಿಯಲಿಲ್ಲ. ಅಷ್ಟು ಗದ್ದಲದ ನಡುವೆ ಯಾರಿಗೂ ಗೊತ್ತಾಗಿರಲಿಲ್ಲ.

ಡಾಕ್ಟರು ಹೊರಗೆ ಮೆಟ್ಟಿಲ ಹತ್ತಿರ ಅವಳೊಬ್ಬಳನ್ನೇ ನಿಲ್ಲಿಸಿಕೊಂಡು ಹೇಳಿದರು:

"ಅವರು ಹುಡುಕೋದನ್ನ ಬಿಟ್ಟಿದ್ದಾರೆ. ಗುಂಡಿ ಒತ್ತಿದ್ರೆ ಇಡೀ ಮಾತು ಸಿಗುವಾಗ ಅಷ್ಟು ಕಷ್ಟಪಟ್ಟು ಅರ್ಧ ಪದ ಯಾರು ಹುಡುಕ್ತಾರೆ ಹೇಳಿ? ಬಟನ್ನಿನ ಮಾತೇ ಗತಿ ಅನ್ನೋರೂ ಇದ್ದಾರೆ, ಅವರಿಗೆ ಅಂಥ ಯಂತ್ರ ನಾನೇ ಕೊಡ್ತೀನಿ. ಇವರಿಗೆ ಸ್ವಂತ ಮಾತು ಬರ್ತಾ ಇತ್ತು. ಆ ಆಟಾನ ಮನೆಯಿಂದ ತೆಗೀರಿ."

ದಿನಕ್ಕೆ ಒಂದು ಗಂಟೆ ಇಟ್ಟುಕೊಂಡರೆ ಆಗದೇ ಎಂದು ಅವಳು ಕೇಳಿದಳು. ಪಾಠದ ಸಮಯಕ್ಕೆ ಮಾತ್ರ ಆರಿಸಿದರೆ? ಭಾನುವಾರಕ್ಕೆ ಮಾತ್ರ? ಡಾಕ್ಟರು ಅವಳ ತೋಳಿನ ಮೇಲೆ ಕೈಯಿಟ್ಟರು. ಆ ಕೈಯೇ ಉತ್ತರವಾಗಿತ್ತು.

ಗಂಡನಿಗೆ ಹೇಳಿದಳು. ಅವನು, ಅಮ್ಮನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ತನ್ನಿಂದಾಗದು ಎಂದ. "ನೀನೇ ತಂದಿದ್ದು, ನೀನೇ ತೆಗಿ," ಎಂದ. ಸಿಟ್ಟಿನಿಂದ ಹೇಳಿದ್ದಲ್ಲ, ಅಂಗಲಾಚಿದ್ದು. ಡಾಕ್ಟರು ಮತ್ತೆ ಬರಬೇಕಿದ್ದ ದಿನ ಮಧ್ಯಾಹ್ನ, ಮನೆಯಲ್ಲಿ ಇನ್ನೂ ಬೇಕಾದಷ್ಟಿದ್ದ ಔಷಧಿಯನ್ನು ತರುತ್ತೇನೆ ಎಂದು ಹೇಳಿ ಹೊರಗೆ ಹೋದ.

ಅವಳು ಅತ್ತೆಯ ಮುಂದೆ ಮಣೆ ಎಳೆದುಕೊಂಡು ಕೂತಳು. ಡಾಕ್ಟರು ಹೇಳಿದ್ದನ್ನೆಲ್ಲ ನಿಧಾನವಾಗಿ, ಒಂದೂ ಬಿಡದೆ ಹೇಳಿದಳು. ಇದು ಶಿಕ್ಷೆಯಲ್ಲ ಎಂದಳು. ನಿಮ್ಮ ಮಾತು ಬರ್ಲಿ ಅಂತ ಎಂದಳು. ಎರಡು ತಿಂಗಳು ಬಿಟ್ಟು ನಾನೇ ವಾಪಸ್ ಜೋಡಿಸಿಕೊಡ್ತೀನಿ ಎಂದಳು, ಜೋಡಿಸುವ ಹಾಗಾಗುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಅತ್ತೆ ಅವಳ ಮುಖದಿಂದ ಕಣ್ಣು ತೆಗೆಯದೆ ಕೇಳಿದರು. ಪೂರ್ತಿ ಅರ್ಥವಾಯಿತು ಎಂಬುದು ಕಾಣುತ್ತಿತ್ತು. ಅರ್ಥವಾಗದಿದ್ದರೆ ಎಷ್ಟೋ ಸುಲಭವಿತ್ತು ಎಂದು ಅವಳಿಗೆ ಅನ್ನಿಸಿತು.

ಅವಳು ಎದ್ದು ಟಿವಿಯ ಪಕ್ಕಕ್ಕೆ ಹೋಗಿ ಪ್ಲಗ್ಗಿನ ಮೇ‍ಲೆ ಕೈಯಿಟ್ಟಳು. ಟಿವಿಯಿಂದ ಮುದುಕಿಯ ದನಿ ಬಂತು. ಅವಳಿಗೆ ಕೀಳಲಾಗಲಿಲ್ಲ, ಮಾತು ಮುಗಿಯಲಿ ಎಂದು ನಿಂತಳು. ಅದು ಮುಗಿಯುತ್ತಲೇ ಇನ್ನೊಂದು ಶುರುವಾಯಿತು. ಅದು ಮುಗಿಯುತ್ತಲೇ ಮತ್ತೊಂದು. ಅತ್ತೆಯ ಹೆಬ್ಬೆರಳು ಎಡೆಬಿಡದೆ ಓಡುತ್ತಿತ್ತು. ಕೊಡ ಒಡೆದದ್ದಕ್ಕೆ, ಹಗ್ಗ ಮುಟ್ಟಿದ್ದಕ್ಕೆ, ಬಿದ್ದದ್ದಕ್ಕೆ, ತಡವಾದದ್ದಕ್ಕೆ, ಇದ್ದ ಬೈಗುಳವನ್ನೆಲ್ಲ ಅವರು ಒಂದರ ಬಾಲಕ್ಕೆ ಒಂದು ಕಟ್ಟಿ ಹೊರಡಿಸುತ್ತಿದ್ದರು, ನಡುವೆ ಒಂದು ಉಸಿರಿನಷ್ಟೂ ಸಂದು ಬಿಡದ ಹಾಗೆ. ಅವರ ಲೆಕ್ಕ ಸೊಸೆಗೆ ಅರ್ಥವಾಯಿತು. ಮಾತು ನಡೆಯುತ್ತಿರುವವರೆಗೆ ಅವಳು ಕೀಳುವುದಿಲ್ಲ ಎಂದು ಅತ್ತೆಗೆ ಗೊತ್ತಿತ್ತು. ಸೊಸೆ ಗೋಡೆಗೆ ಹಣೆಯೊತ್ತಿ ನಿಂತಳು. ಎಷ್ಟು ಹೊತ್ತು ನಿಂತಿದ್ದಳೋ, ಹೊರಗೆ ಬೀದಿಯಲ್ಲಿ ಮಕ್ಕಳು ಶಾಲೆಯಿಂದ ಬರುವ ಸದ್ದು ಕೇಳಿಸಿತು. ಡಾಕ್ಟರು ಬರುವ ಹೊತ್ತಾಗಿತ್ತು.

ಬಾವಿಯಿಂದ ಬಕೆಟ್ಟು ಕದಿಯುವವರಿಗೆ ಇಟ್ಟ ಸಾಲು ಶುರುವಾಯಿತು: "ಕೈಗೆ ಸಿಕ್ಕಿದ್ದನ್ನೆಲ್ಲ ಎತ್ಕೊಂಡು ಹೋಗೋಕೆ ಇದೇನು ನಿಮ್ಮ"

ಅವಳು ಪ್ಲಗ್ ಕಿತ್ತಳು.

ಮನೆ ಸುಮ್ಮನಾಯಿತು. ಅವಳು ತಿರುಗಿದಾಗ ಅತ್ತೆ ಟಿವಿಯನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದರು. ಕಂಟ್ರೋಲರ್ ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು. ಅತ್ತೆಯ ಬಾಯಿ ತೆರೆಯಿತು. ನಿಂತುಹೋದ ವಾಕ್ಯವನ್ನು ಮುಗಿಸಲು ತುಟಿಗಳು ಒಂದನ್ನೊಂದು ಹುಡುಕಿ ಸೇರಿದವು, ಬಿಟ್ಟವು, ಮತ್ತೆ ಸೇರಿದವು. ಹಣೆಯ ನರ ಉಬ್ಬಿತು. ಎಡಗೈ ಸೀರೆಯನ್ನು ಹಿಂಡಿತು. ಗಂಟಲಿನಿಂದ ಒಂದು ಸದ್ದು ಬಂತು, ಪದವಾಗದೆ ಅಲ್ಲೇ ಒಡೆಯಿತು. ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂದರೂ ಅತ್ತೆ ಬಾಯಿ ಮುಚ್ಚಲಿಲ್ಲ.

ಉಳಿದ ಮಾತು ಏನೆಂದು ಸೊಸೆಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಹೇಳಲಿಲ್ಲ, ಕಿತ್ತ ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡು ಅತ್ತೆಯ ಎದುರು ನಿಂತು ಕಾದಳು.